ರೆಡ್‌ಶಿಫ್ಟ್ ತುಂಬಿತಾ? ನೋಡ್ (ಸರ್ವರ್) ಸೇರಿಸುವ ಮುಂಚೆ ಇದನ್ನು ಮಾಡಿ

ಅಮೆಜಾನ್‌ನ ಡೇಟಾ ವೇರ್‌ಹೌಸ್ ಆದ ರೆಡ್‌ಶಿಫ್ಟ್‌ನಲ್ಲಿ ಜಾಗ ತಿನ್ನುವುದು ಸಾಮಾನ್ಯವಾಗಿ ಒಂದೆರಡು ಫ್ಯಾಕ್ಟ್ ಟೇಬಲ್‌ಗಳು (ವ್ಯವಹಾರದ ಸಾಲುಗಳಿರುವ ದೊಡ್ಡ ಟೇಬಲ್‌ಗಳು) ಮಾತ್ರ. ಎಸ್‌ವಿವಿ ಟೇಬಲ್ ಇನ್ಫೋ (SVV_TABLE_INFO) ಎಂಬ ಸಿಸ್ಟಂ ವ್ಯೂ ನೋಡಿದರೆ ಯಾವುವು ಅಂತ ಗೊತ್ತಾಗುತ್ತದೆ.

ಎರಡು ವರ್ಷಕ್ಕಿಂತ ಹಳೆಯ ಸಾಲುಗಳನ್ನು ಅನ್‌ಲೋಡ್ ಕಮಾಂಡ್‌ನಿಂದ ಎಸ್3ಗೆ (ಅಮೆಜಾನ್‌ನ ಫೈಲ್ ಸಂಗ್ರಹ) ಪಾರ್ಕೆ ಎಂಬ ಕಾಲಂವಾರು ಫೈಲ್ ಫಾರ್ಮ್ಯಾಟ್‌ನಲ್ಲಿ ಕಳಿಸಿ, ತಿಂಗಳವಾರು ಪಾರ್ಟಿಷನ್ ಮಾಡಿ. ಅದರ ಮೇಲೆ ಎಕ್ಸ್‌ಟರ್ನಲ್ ಟೇಬಲ್ (ಡೇಟಾ ಎಸ್3ಯಲ್ಲೇ ಇರುವ ಟೇಬಲ್) ಕಟ್ಟಿ, ಹೊಸದು ಹಳೆಯದು ಎರಡನ್ನೂ ಯೂನಿಯನ್ ಆಲ್ ವ್ಯೂನಲ್ಲಿ ಸೇರಿಸಿ. ರಿಪೋರ್ಟ್ ನೋಡುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ ಎಸ್3ಯಲ್ಲಿರುವುದನ್ನು ಓದಿಕೊಡುವ ರೆಡ್‌ಶಿಫ್ಟ್ ಸ್ಪೆಕ್ಟ್ರಮ್, ಓದಿದ ಡೇಟಾದ ಲೆಕ್ಕಕ್ಕೆ ದುಡ್ಡು ಕೇಳುತ್ತದೆ. ತಾರೀಖಿನ ಫಿಲ್ಟರ್ ಇಲ್ಲದೆ ಸುಮ್ನೆ ಕ್ವೆರಿ ಓಡಿಸಿದರೆ ಬಿಲ್ ಜಾಸ್ತಿ ಆಗುತ್ತದೆ.

ರೆಡ್‌ಶಿಫ್ಟ್‌ನಿಂದ ಹಳೆಯ ಸಾಲುಗಳನ್ನು ಅಳಿಸುವ ಮುಂಚೆ ಎರಡೂ ಕಡೆ ಸಾಲುಗಳ ಎಣಿಕೆ, ಜೊತೆಗೆ ಮೊತ್ತದ ಕಾಲಂನ ಒಟ್ಟು ತಾಳೆ ನೋಡಿ. ಎಣಿಕೆ ಒಂದೇ ಸಾಕಾಗಲ್ಲ. ಡಿಲೀಟ್ ಮಾಡಿದ ಕೂಡಲೇ ಜಾಗ ವಾಪಸ್ ಬರುವುದಿಲ್ಲ, ವ್ಯಾಕ್ಯೂಮ್ (ಅಳಿಸಿದ ಸಾಲುಗಳ ಜಾಗ ಖಾಲಿ ಮಾಡುವ ಕೆಲಸ) ಆಗಬೇಕು. ಅದಕ್ಕೇ ತಿಂಗಳಿಗೊಂದು ಟೇಬಲ್ ಇಟ್ಟು ಹಳೆಯದನ್ನು ಡ್ರಾಪ್ ಮಾಡುವುದೇ ನನಗೆ ಇಷ್ಟ.

ಅಗ್ಗ ಅಂತ ಎಲ್ಲವನ್ನೂ ಎಸ್3ಯ ಗ್ಲೇಸಿಯರ್ ಡೀಪ್ ಆರ್ಕೈವ್‌ಗೆ (ಅಪರೂಪಕ್ಕೆ ಬೇಕಾಗುವ ಡೇಟಾ ಇಡುವ ಜಾಗ) ಹಾಕಬೇಡಿ. ಅಲ್ಲಿ ಕನಿಷ್ಠ 180 ದಿನದ ಬಾಡಿಗೆ ಕಟ್ಟಲೇಬೇಕು, ವಾಪಸ್ ತರಿಸಲು 12 ಗಂಟೆವರೆಗೂ ಕಾಯಬೇಕು. ಸ್ಪೆಕ್ಟ್ರಮ್ ಅದನ್ನು ನೇರವಾಗಿ ಓದುವುದೂ ಇಲ್ಲ.

ಹಾಂ, ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಪರ್ಮನೆಂಟಾಗಿ ಅಳಿಸುವ ಮುಂಚೆ ಅಕೌಂಟ್ಸ್‌ನವರನ್ನು ಒಂದು ಮಾತು ಕೇಳಿ.