ಎರಡೇ ತೂತಿನ ಅಪೆಂಡಿಕ್ಸ್: ನಾನು ಮಾಡಿಕೊಂಡ ದಾರಿ

"ಮೂರು ತೂತಲ್ಲಿ ಚೆನ್ನಾಗೇ ಆಗ್ತಿದೆ, ನಿಮಗ್ಯಾಕ್ರೀ ಈ ಸರ್ಕಸ್ಸು?" ಅಂತ ನಮ್ಮ ಅನಸ್ತೇಷಿಯಾ ಡಾಕ್ಟರು ರೇಗಿದ್ದು 4 ವರ್ಷದ ಹಿಂದೆ. ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ ಅಪೆಂಡಿಕ್ಸ್ ತೆಗೆಯುವ ಲ್ಯಾಪ್ರೋಸ್ಕೋಪಿಯನ್ನು ಎರಡೇ ತೂತಲ್ಲಿ ಮಾಡಲು ಹೊರಟಿದ್ದೆ. ಹೋದ ತಿಂಗಳು ಅದೇ ಡಾಕ್ಟರು ತಂಗಿ ಮಗನನ್ನು ಕರೆತಂದು, "ಇವನಿಗೂ ಎರಡರಲ್ಲೇ ಮುಗಿಸಿ" ಅಂದರು. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ನಮ್ಮದು ತಿಪಟೂರು ಕಡೆ 20 ಹಾಸಿಗೆಯ ಆಸ್ಪತ್ರೆ. ಎರಡು ತೂತಿಗೆ ಬರುವ ಮುಂಚೆ ಒಂದೇ ತೂತಿನ ಹುಚ್ಚು ಹತ್ತಿತ್ತು. ಅದಕ್ಕೆ ಬೇಕಾದ ರೆಡಿಮೇಡ್ ಪೋರ್ಟ್ (ಸಲಕರಣೆ ಇಳಿಸುವ ಬಾಯಿ) ಕೈಗೆಟುಕದು. ಹೊಕ್ಕುಳಿಗೆ ರಿಂಗ್ ಕೂರಿಸಿ, ಗ್ಲೌಸ್ ಸಿಕ್ಕಿಸಿ, ಅದರ ಬೆರಳಿಗೊಂದು ಟ್ರೋಕಾರ್ (ಸಲಕರಣೆ ಇಳಿಸುವ ಕೊಳವೆ) ಕಟ್ಟಿದೆ. ಖರ್ಚು ಏನೂ ಇಲ್ಲ. ಆದರೆ ಒಳಗೆ ಕ್ಯಾಮೆರಾಗೂ ಹಿಡಿಯುವ ಇಕ್ಕಳ ಗ್ರಾಸ್ಪರ್‌ಗೂ ಕತ್ತಿವರಸೆ. ಒಂದು ಸಲ ಅರ್ಧ ಕೆಲಸದಲ್ಲಿ ಗ್ಲೌಸ್ ಹರಿದು, ಹೊಟ್ಟೆ ಉಬ್ಬಿಸಲು ತುಂಬಿದ್ದ ಗ್ಯಾಸೆಲ್ಲ ಬುಸ್ ಅಂತು. ಹದಿನೈದೋ ಹದಿನಾರೋ ಕೇಸ್ ಮಾಡಿದ್ದೆ. ಆಗ ಕೊಬ್ಬರಿ ಮೂಟೆ ಹೊರುವ ಒಬ್ಬರು 8 ತಿಂಗಳಿಗೆ ಹೊಕ್ಕುಳಲ್ಲಿ ಹರ್ನಿಯಾ ಮಾಡಿಕೊಂಡು ಬಂದರು. ಕೊಯ್ದಿದ್ದು ದೊಡ್ಡದಾಗಿತ್ತು, ತಪ್ಪು ನಂದೇ. ಆಪರೇಷನ್ ಬಿಟ್ಟಿ ಮಾಡಿಕೊಟ್ಟೆ. ಗ್ಲೌಸ್ ಆಟ ಅಲ್ಲಿಗೆ ಮುಗೀತು.

ಈಗ ಹೊಕ್ಕುಳಲ್ಲಿ 10 ಮಿ.ಮೀ., ಕೆಳಹೊಟ್ಟೆಯ ಎಡಕ್ಕೆ 5 ಮಿ.ಮೀ., ಅಷ್ಟೇ. ಮೂರನೇ ಕೈಯ ಕೆಲಸ ದಾರ ಮಾಡುತ್ತದೆ. ಬಲಕ್ಕೆ ಹೊಟ್ಟೆ ಮೇಲಿಂದಲೇ ನೇರ ಸೂಜಿ ಇಳಿಸಿ, ಅಪೆಂಡಿಕ್ಸ್ ತುದಿ ಹತ್ತಿರ ಮೀಸೋದಲ್ಲಿ (ಅದಕ್ಕೆ ರಕ್ತ ತರುವ ಪೊರೆ) ತೂರಿಸಿ, ಮತ್ತೆ ಹೊರಗೆ ತೆಗೆಯಬೇಕು. ದಾರ ಎಳೆದರೆ ಅಪೆಂಡಿಕ್ಸ್ ಬಾವಿಯಿಂದ ಕೊಡ ಎದ್ದ ಹಾಗೆ ಮೇಲೇಳುತ್ತದೆ. ಸೂಜಿಯನ್ನು ಯಾವ ಕೋನದಲ್ಲಿ ತಿರುಗಿಸಿ ಹೊರಗೆ ತರಬೇಕು ಅನ್ನೋದನ್ನು ಮಾತ್ರ ಬರೆಯಲ್ಲ. ಬೇಕಾದವರು ನಮ್ಮ ಓಟಿಗೆ ಬನ್ನಿ. ಒಂದು ಕೇಸಲ್ಲಿ ಹೊಟ್ಟೆ ಗೋಡೆಯ ಎಪಿಗ್ಯಾಸ್ಟ್ರಿಕ್ ರಕ್ತನಾಳ ಚುಚ್ಚಿ ಮೂರು ದಿನ ನನ್ನ ನಿದ್ದೆ ಹೋಗಿತ್ತು. ಈಗ ಒಳಗಿಂದ ಕ್ಯಾಮೆರಾದಲ್ಲಿ ರಕ್ತನಾಳ ಕಂಡ ಮೇಲೇ ಸೂಜಿ.

ಅಪೆಂಡಿಕ್ಸ್ ಬುಡ ಕಟ್ಟುವುದೇ ನಿಜವಾದ ತಲೆನೋವು. ಪಿನ್ ಹೊಡೆದು ಕತ್ತರಿಸುವ ಸ್ಟೇಪ್ಲರ್ ಅಂದರೆ 15-20 ಸಾವಿರ, ನಮ್ಮ ಪೇಷೆಂಟ್‌ಗೆ ಹೇಳೋಕೇ ನಾಚಿಕೆ. ಗಂಟು ಹಾಕಿಯೇ ಬರುವ ರೆಡಿಮೇಡ್ ಲೂಪ್ ಎರಡು ಮೂರಾದರೆ ಮೂರು ಸಾವಿರದ ಹತ್ತಿರ. ಮೇಲಾಗಿ ತುದಿ ದಾರಕ್ಕೆ ನೇತಾಡುವಾಗ ಆ ಲೂಪನ್ನು ತುದಿಯಿಂದ ತೊಡಿಸುವುದು ಹೇಗೆ? ಹಾಗಾಗಿ ಬಿಡಿ ದಾರವನ್ನೇ ಬುಡದ ಸುತ್ತ ಹಾಯಿಸಿ, ಎರಡೂ ತುದಿ ಹೊರಗೆ ತಂದು, ಗಂಟು ಹಾಕಿ, ಉದ್ದ ಕಡ್ಡಿಯಂಥ ಪುಶರ್‌ನಲ್ಲಿ ತಳ್ಳುತ್ತೇನೆ. ದಾರಕ್ಕೆ ಬರೋದು ನಾಲ್ಕೈದು ನೂರು.

ಗಂಟು, ಹಳೇ ಜಾರುಗಂಟು ರೋಡರ್‌ದೇ. ಮಕ್ಕಳ ಟಾನ್ಸಿಲ್ ತೆಗೆಯೋಕೆ ಹುಟ್ಟಿದ್ದು, ಲ್ಯಾಪ್ರೋಸ್ಕೋಪಿಗೆ ತಂದವರು ಜರ್ಮನಿಯ ಕೀಲ್‌ನ ಕುರ್ಟ್ ಸೆಮ್. 1980ರಲ್ಲಿ ಲ್ಯಾಪ್ರೋಸ್ಕೋಪಿಯಲ್ಲಿ ಅಪೆಂಡಿಕ್ಸ್ ತೆಗೆದಾಗ, ಸ್ತ್ರೀರೋಗದ ಡಾಕ್ಟರಿಗೆ ಈ ಉಸಾಬರಿ ಯಾಕೆ ಅಂತ ಅಲ್ಲಿನ ಸರ್ಜನ್ನರು ಅವರ ಮೇಲೆ ಮುಗಿಬಿದ್ದಿದ್ದರು. ನನಗೆ ಬೈದವರು ಒಬ್ಬರೇ, ಪುಣ್ಯ. ಆದರೆ ರೋಡರ್ ಗಂಟು ಪ್ರಾಣಿ ಕರುಳಿನ ದಾರವಾದ ಕ್ಯಾಟ್‌ಗಟ್ ಕಾಲದ್ದು. ಈಗಿನ ಸಿಂಥೆಟಿಕ್ ದಾರ ವಿಕ್ರಿಲ್‌ನಲ್ಲಿ ಹಾಗೇ ಹಾಕಿದ್ದಕ್ಕೆ ಮೊದಲನೇ ಕೇಸಲ್ಲೇ ಸಡಿಲವಾಯಿತು. ಕತ್ತರಿಸುವ ಮುಂಚೆ ಕಣ್ಣಿಗೆ ಬಿತ್ತು, ಬಚಾವ್. ಆಮೇಲೆ ಹದಿನೈದು ದಿನ ರಾತ್ರಿ ಮನೇಲಿ ಬೆಂಡೆಕಾಯಿಗೆ ಗಂಟು ಹಾಕಿದೆ. "ಹುಳಿಗೆ ಹೆಚ್ಚಬೇಕು, ಕೊಡ್ರೀ" ಅಂತ ಮನೆಯವರು ಕಿತ್ತುಕೊಳ್ಳುವವರೆಗೂ. ಶುರುವಿಗೆ ಎರಡು ಗಂಟು, ಮೂರು ಸುತ್ತು, ಕೊನೆಗೆ ಎರಡು ಬೀಗ. ಹೀಗೆ ಹಾಕಿದ್ದು ಜಾರಲಿಲ್ಲ. ಇಂಥ ಕಟ್ಟು ಬುಡಕ್ಕೆ ಎರಡು, ತುದಿ ಕಡೆಗೆ ಒಂದು.

ನಡುವೆ ಮಕ್ಕಳಲ್ಲಿ ಅಪೆಂಡಿಕ್ಸನ್ನೇ ಹೊಕ್ಕುಳಿಂದ ಹೊರಗೆಳೆದು, ಹೊಟ್ಟೆ ಕೊಯ್ದು ಮಾಡುವ ಓಪನ್ ಆಪರೇಷನ್ ಥರ ಕಟ್ಟಿ ಕತ್ತರಿಸಿ, ಬುಡವನ್ನು ಒಳಗೆ ಬಿಟ್ಟೂ ನೋಡಿದೆ. ಸಣಕಲು ಮಕ್ಕಳಿಗೆ ಸೊಗಸಾಗಿ ಆಗುತ್ತದೆ. ಸೀಕಮ್ (ಅಪೆಂಡಿಕ್ಸ್ ಅಂಟಿರುವ ದೊಡ್ಡ ಕರುಳಿನ ಶುರು) ಮೇಲೆ ಬರದಿದ್ದರೆ ಎಳೆದಾಡಬೇಡಿ.

ಇಲ್ಲಿವರೆಗೆ 140 ಕೇಸ್ ಇರಬಹುದು. ಮೊದಮೊದಲು ಒಂದೂಕಾಲು ಗಂಟೆ, ಈಗ 35-40 ನಿಮಿಷ. ಇಪ್ಪತ್ತು ಚಿಲ್ಲರೆ ಕೇಸಲ್ಲಿ ಮೂರನೇ ಪೋರ್ಟ್ ಹಾಕಿದ್ದೇನೆ. ಒಡೆದು ಕೀವಾಗಿದ್ದರೆ, ಸೀಕಮ್ ಹಿಂದೆ ಅಡಗಿದ್ದರೆ, ಹೊಟ್ಟೆ ದಪ್ಪವಾಗಿ ಸೂಜಿ ಸಾಲದಿದ್ದರೆ ಹಟ ಮಾಡಲ್ಲ. ಬುಡವೇ ಕೊಳೆತಿದ್ದರೆ ಗಂಟಿನ ಮಾತೇ ಇಲ್ಲ. ನಮ್ಮ ಓಟಿ ಸಿಸ್ಟರ್ ಇನ್ನೊಂದು ಟ್ರೋಕಾರನ್ನು ಟ್ರೇ ಮೂಲೆಯಲ್ಲಿ ಇಟ್ಟೇ ಇರುತ್ತಾರೆ. ನಾನು ಎರಡು ಸಲ "ಛೆ" ಅಂದರೆ ಸಾಕು, ಕೇಳುವ ಮುಂಚೆಯೇ ಅದು ಕೈಗೆ ಬಂದಿರುತ್ತದೆ.