ಡಿಎನ್‌ಎ ವರದಿಯ ಕೊನೆಯ ಪುಟ ಕೊನೆಗೇ ಇರಲಿ

ಸೆಷನ್ಸ್ ಕೋರ್ಟಿನಲ್ಲಿ ಆರೋಪಿಗಳ ಪರ ವಕಾಲತ್ತು ಹಾಕುವವನು ನಾನು. ಚಾರ್ಜ್‌ಶೀಟಿನಲ್ಲಿ ಡಿಎನ್‌ಎ ವರದಿ ಇದೆ ಎಂದ ಕೂಡಲೇ ಮನೆಯವರು ಆಸೆ ಬಿಡುತ್ತಾರೆ, ಜೂನಿಯರ್‌ಗಳು ಕೊನೆಯ ಪುಟದ ಅಭಿಪ್ರಾಯ ಓದಿ ಫೈಲು ಮಡಚಿಡುತ್ತಾರೆ. ನಾನು ಮೊದಲು ಒಂದು ಹಾಳೆಯಲ್ಲಿ ತಾರೀಖುಗಳನ್ನಷ್ಟೇ ಬರೆದುಕೊಳ್ಳುತ್ತೇನೆ. ಬಟ್ಟೆ ಜಪ್ತಿಯಾದದ್ದು ಯಾವತ್ತು, ಆರೋಪಿಯ ರಕ್ತ ತೆಗೆದದ್ದು ಯಾವತ್ತು, ವೈದ್ಯರು ಸೀಲು ಮಾಡಿ ಯಾವ ಪೇದೆಯ ಕೈಗೆ ಕೊಟ್ಟರು, ಠಾಣೆಯಲ್ಲಿ ಎಷ್ಟು ದಿನ ಇತ್ತು, ಎಫ್‌ಎಸ್‌ಎಲ್, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದವರು ತೆಗೆದುಕೊಳ್ಳುವಾಗ ಸೀಲಿನ ಬಗ್ಗೆ ಏನು ಬರೆದಿದ್ದಾರೆ.

ಹೀಗೆ ಬರೆದರೆ ಕೆಲವು ದಿನಗಳು ಎದ್ದು ಕಾಣುತ್ತವೆ: ಆರೋಪಿಯ ರಕ್ತವೂ ಘಟನೆಯ ಬಟ್ಟೆಯೂ ಜಪ್ತಿ ವಸ್ತುಗಳನ್ನಿಡುವ ಒಂದೇ ಮುದ್ದೆಮಾಲು ಕೋಣೆಯಲ್ಲಿದ್ದ ದಿನಗಳು. ಒಂದರದು ಇನ್ನೊಂದಕ್ಕೆ ತಗುಲಿರಬಹುದಾದ ಆ ದಿನಗಳಿಗೆ ಪ್ರಾಸಿಕ್ಯೂಷನ್ ಲೆಕ್ಕ ಕೊಡಬೇಕು. ದೆಹಲಿಯ ಛಾವ್ಲಾ ಅತ್ಯಾಚಾರ-ಕೊಲೆ ಪ್ರಕರಣದಲ್ಲಿ 2012ರ ಫೆಬ್ರವರಿ 14 ಮತ್ತು 16ರಂದು ತೆಗೆದ ಮಾದರಿಗಳು ಲ್ಯಾಬಿಗೆ ಹೋದದ್ದು 27ಕ್ಕೆ. ಗಲ್ಲು ಶಿಕ್ಷೆಯಾಗಿದ್ದ ಮೂವರನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಬಿಡುಗಡೆ ಮಾಡಿದಾಗ ಎತ್ತಿ ತೋರಿಸಿದ ಲೋಪಗಳಲ್ಲಿ ಇದೂ ಒಂದು. ತಜ್ಞರು ಆ ಅಭಿಪ್ರಾಯಕ್ಕೆ ಹೇಗೆ ಬಂದರೆಂದು ಕೆಳಗಿನ ಎರಡೂ ಕೋರ್ಟುಗಳು ಪರಿಶೀಲಿಸಲೇ ಇಲ್ಲ ಎಂಬುದು ಇನ್ನೊಂದು. ಆ ತೀರ್ಪು ಬಹಳ ಜನಕ್ಕೆ ರುಚಿಸಲಿಲ್ಲ. ನನ್ನಂಥವರು ಮಾತ್ರ ಅದನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗುತ್ತೇವೆ.

ತಾರೀಖು ಮುಗಿದ ಮೇಲೆ ನೋಡುವುದು ಯಾವ ಪರೀಕ್ಷೆ ಮಾಡಿದ್ದಾರೆ ಎಂದು. ಇದನ್ನು ಕೇಳುವವರೇ ಕಡಿಮೆ. ಡಿಎನ್‌ಎಯ ಕೆಲವು ಗೊತ್ತಾದ ಜಾಗಗಳನ್ನು ಹೋಲಿಸುವ ಸಾಮಾನ್ಯ ಎಸ್‌ಟಿಆರ್ ಪರೀಕ್ಷೆಯಲ್ಲಿ ಪೂರ್ತಿ ಪ್ರೊಫೈಲು ಸಿಕ್ಕಿದರೆ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಬಹುದು, ತದ್ರೂಪಿ ಅವಳಿಗಳನ್ನು ಬಿಟ್ಟು. ಗಂಡಸರ ವೈ ಕ್ರೋಮೋಸೋಮನ್ನಷ್ಟೇ ನೋಡುವ ವೈ-ಎಸ್‌ಟಿಆರ್ ಹಾಗಲ್ಲ. ಹೆಣ್ಣಿನ ಡಿಎನ್‌ಎ ರಾಶಿಯಲ್ಲಿ ಗಂಡಿನದು ಚೂರೇ ಚೂರು ಇದ್ದಾಗ ಅದು ಉಪಯೋಗಕ್ಕೆ ಬರುತ್ತದೆ, ಆದರೆ ವೈ ಕ್ರೋಮೋಸೋಮು ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಹಾಗೇ ಇಳಿದು ಬರುವಂಥದ್ದು. ಒಂದು ಕೊಲೆ ಕೇಸಿನಲ್ಲಿ ಸತ್ತ ಹೆಂಗಸಿನ ಉಗುರಿನಡಿ ಸಿಕ್ಕಿದ್ದು ಇಂಥ ಪ್ರೊಫೈಲು. ನನ್ನ ಕಕ್ಷಿದಾರನ ಅಣ್ಣತಮ್ಮಂದಿರು, ದೊಡ್ಡಪ್ಪನ ಮಕ್ಕಳು ಎಲ್ಲ ಅದೇ ಕೇರಿಯವರು. ಪಾಟೀ ಸವಾಲಿನಲ್ಲಿ ತಜ್ಞೆಯನ್ನು ಕೇಳಿದೆ:

"ಮೇಡಂ, ಇದು ಆರೋಪಿಯ ಅಣ್ಣನದೂ ಆಗಿರಬಹುದೇ?"

"ಈ ಪರೀಕ್ಷೆಯ ಮಟ್ಟಿಗೆ, ಆಗಿರಬಹುದು."

"ದೊಡ್ಡಪ್ಪನ ಮಗನದು?"

"ಆಗಿರಬಹುದು."

"ಅವರ ರಕ್ತ ನಿಮಗೆ ಕಳಿಸಿದ್ದರೇ?"

"ಇಲ್ಲ."

ಅಲ್ಲಿಗೆ ನಿಲ್ಲಿಸಿದೆ. ಇನ್ನೊಂದು ಪ್ರಶ್ನೆ ಕೇಳುವ ಚಪಲ ಅಂಥ ಹೊತ್ತಲ್ಲೇ ಬರುವುದು. ವರದಿಯಲ್ಲಿ ಬರೆದದ್ದು "ಆರೋಪಿಯ ಪ್ರೊಫೈಲಿಗೆ ಹೊಂದುತ್ತದೆ" ಎಂದು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ನ್ಯಾಯಾಧೀಶರು ಅದಕ್ಕೆ ಅಷ್ಟೇ ತೂಕ ಕೊಟ್ಟು ಉಳಿದ ಸಾಂದರ್ಭಿಕ ಸಾಕ್ಷ್ಯ ನೋಡಿದರು. ಕೊನೆಯದಾಗಿ ಜೊತೆಯಲ್ಲಿ ಕಂಡೆ ಎಂದವನ ಸಾಕ್ಷ್ಯ ನಿಲ್ಲಲಿಲ್ಲ, ಬಿಡುಗಡೆಯಾಯಿತು.

ತಜ್ಞರನ್ನು ಕಟಕಟೆಗೆ ಕರೆಸುವುದೇ ಒಂದು ಕೆಲಸ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 293ನೇ ಕಲಂ, ಈಗ ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್‌ನ 329ನೇ ಕಲಮಿನ ಪ್ರಕಾರ ಕೆಲವು ದರ್ಜೆಯ ಸರ್ಕಾರಿ ತಜ್ಞರ ವರದಿಯನ್ನು ಅವರನ್ನು ವಿಚಾರಣೆ ಮಾಡದೆಯೇ ಸಾಕ್ಷ್ಯವಾಗಿ ಗುರುತಿಸಬಹುದು. "ಅಬ್ಜೆಕ್ಷನ್ ಇಲ್ಲ ತಾನೆ?" ಎಂದು ಪಿಪಿ, ಅಂದರೆ ಸರ್ಕಾರಿ ವಕೀಲರು, ಕೇಳುವುದು ಸಂಜೆ ಎಲ್ಲರೂ ಹೊರಡುವ ಹೊತ್ತಿಗೆ. ನಾನು ಕರೆಸಿ ಎಂದೇ ಅರ್ಜಿ ಹಾಕುತ್ತೇನೆ. ಜೊತೆಗೆ ಎಲೆಕ್ಟ್ರೋಫೆರೋಗ್ರಾಮ್, ಅಂದರೆ ಯಂತ್ರ ಬರೆದ ಆ ಏರಿಳಿತದ ಗೆರೆಗಳ ಪ್ರತಿ, ಮತ್ತು ಲ್ಯಾಬಿನ ವರ್ಕ್‌ಶೀಟು. ಇವನ್ನು ತಜ್ಞರು ಬರುವ ದಿನಕ್ಕಿಂತ ಸಾಕಷ್ಟು ಮೊದಲೇ ಕೇಳಬೇಕು. ಬೇರೆಯವರ ಡಿಎನ್‌ಎ ಬೆರೆತಿದೆಯೇ, ಎಷ್ಟು ಜಾಗದಲ್ಲಿ ಫಲಿತಾಂಶವೇ ಬಂದಿಲ್ಲ ಎಂಬುದು ಗೊತ್ತಾಗುವುದು ಅಲ್ಲೇ. ಆಕಸ್ಮಿಕವಾಗಿ ಇನ್ನೊಬ್ಬರಿಗೂ ಹೊಂದುವ ಸಂಭವ ಎಷ್ಟು ಎಂಬ ಲೆಕ್ಕ ನನ್ನ ಕೈಗೆ ಬರುವ ಅನೇಕ ವರದಿಗಳಲ್ಲಿ ಇರುವುದೇ ಇಲ್ಲ. ಆ ಲೆಕ್ಕವಿಲ್ಲದ "ಮ್ಯಾಚ್" ನನ್ನ ದೃಷ್ಟಿಯಲ್ಲಿ ಅರ್ಧ ವಾಕ್ಯ.

ಎಲ್ಲ ಕೇಸಿನಲ್ಲೂ ವರದಿಯ ಮೇಲೆ ಜಗಳಕ್ಕೆ ನಿಲ್ಲುವುದಿಲ್ಲ. ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕೇಸುಗಳಲ್ಲಿ ಹುಟ್ಟಿದ ಮಗುವಿನ ಡಿಎನ್‌ಎ, ತಾಯಿಯದು, ಆರೋಪಿಯದು ಮೂರನ್ನೂ ನೋಡಿರುತ್ತಾರೆ. ಮಗುವಿನಲ್ಲಿ ತಾಯಿಯಿಂದ ಬಂದದ್ದನ್ನು ಕಳೆದರೆ ಉಳಿದದ್ದು ತಂದೆಯದು. ಅದು ಜಾಗ ಜಾಗಕ್ಕೂ ಹೊಂದಿದ ಮೇಲೆ ನಾನು ಕಕ್ಷಿದಾರನನ್ನು ಕೂರಿಸಿಕೊಂಡು ನೇರವಾಗಿ ಹೇಳಿಬಿಡುತ್ತೇನೆ. ಹುಡುಗಿಗೆ ಹದಿನೆಂಟು ತುಂಬಿರದಿದ್ದರೆ ಒಪ್ಪಿಗೆ ಇತ್ತು ಎಂಬ ಮಾತು ನಡೆಯುವುದಿಲ್ಲ. ಆಮೇಲೆ ನೋಡಬೇಕಾದದ್ದು ವಯಸ್ಸಿನ ದಾಖಲೆ.

2025ರ ಜುಲೈಯಲ್ಲಿ ತಮಿಳುನಾಡಿನ ಕಟ್ಟವೆಳ್ಳೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಲ್ಲು ರದ್ದು ಮಾಡಿ ಆರೋಪಿಯನ್ನು ಬಿಡುಗಡೆ ಮಾಡಿತು, ಡಿಎನ್‌ಎ ಮಾದರಿಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಕ್ರಮವನ್ನೂ ಹೇಳಿತು. ತೆಗೆದ 48 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ತಡವಾದರೆ ಕಾರಣ ಬರೆದಿಡಬೇಕು, ಕೋರ್ಟಿನ ಅನುಮತಿಯಿಲ್ಲದೆ ಮತ್ತೆ ತೆರೆಯಬಾರದು, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ರಿಜಿಸ್ಟರು ಕೋರ್ಟಿನ ದಾಖಲೆಯ ಜೊತೆ ಇರಬೇಕು. ಅಲ್ಲಿಂದೀಚಿನ ಫೈಲುಗಳಲ್ಲಿ ನಾನು ಹುಡುಕುವುದು ಆ ರಿಜಿಸ್ಟರು. ಇಲ್ಲದಿದ್ದರೆ ತರಿಸಲು ಅರ್ಜಿ. ಇದ್ದರೆ ಅದರಲ್ಲಿ ಸಹಿ ಹಾಕಿದ ಒಬ್ಬೊಬ್ಬ ಪೇದೆಯೂ ಸಾಕ್ಷಿಪಟ್ಟಿಯಲ್ಲಿದ್ದಾನೆಯೇ ಎಂದು ತಾಳೆ ನೋಡುತ್ತೇನೆ.