ನಾಲ್ಕು ಬಾಟಲಿ ಉಪ್ಪಿನಕಾಯಿ ಮತ್ತು ಜೋಳದ ರೊಟ್ಟಿ

ಧಾರವಾಡದ ಕೃಷಿ ಮೇಳಕ್ಕೆ ಹೋದರೆ ನಾನು ಮೊದಲು ನುಗ್ಗುವುದು ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಮಳಿಗೆಗೆ. ಕಳೆದ ಸಲ ನಾಲ್ಕು ಬಾಟಲಿ ಉಪ್ಪಿನಕಾಯಿ ತಂದೆ. ಬೆಲ್ಲ ಹಾಕಿದ ಲಿಂಬಿ, ಮಾವಿನಕಾಯಿ, ಬೆಳ್ಳುಳ್ಳಿ, ಮತ್ತೆ ನನ್ನ ಪ್ರಾಣವಾದ ರಂಜಕ, ಅಂದರೆ ಕೆಂಪು ಮೆಣಸಿನಕಾಯಿಯ ಚಟ್ನಿ.

ಮೊದಲೆಲ್ಲ ಮಳಿಗೆಯಲ್ಲೇ ನೆಕ್ಕಿ ನೋಡಿ ಕೊಳ್ಳುತ್ತಿದ್ದೆ. ಮೂರು ಕಡೆ ನೆಕ್ಕುವಷ್ಟರಲ್ಲಿ ಬಾಯಿ ಉರಿದು, ನಾಲ್ಕನೆಯದರ ರುಚಿಯೇ ತಿಳಿಯುವುದಿಲ್ಲ, ಅಲ್ವಾ? ಈಗ ಮನೆಗೆ ತಂದು, ಹಸಿದಾಗ ಕೂರುತ್ತೇನೆ. ಒಂದೊಂದಕ್ಕೂ ಬೇರೆ ಒಣ ಚಮಚ. ಖಾರ ಕಡಿಮೆ ಇರುವುದರಿಂದ ಶುರು. ನಡುವೆ ಬರೀ ರೊಟ್ಟಿ ಒಂದು ತುಣುಕು, ಎರಡು ಗುಟುಕು ಮಜ್ಜಿಗೆ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ನೀರು ಕುಡಿದು ಉಪಯೋಗವಿಲ್ಲ. ಮಜ್ಜಿಗೆ ಕುಡಿದರೆ ನಾಲಿಗೆ ಬೇಗ ತಣ್ಣಗಾಗುತ್ತದೆ.

ಲಿಂಬಿ ಬಾಯಿಗಿಟ್ಟ ಕೂಡಲೇ ಮುಖ ಕಿವುಚಿದೆ. ಸಿಪ್ಪೆ ಕಹಿ, ಉಪ್ಪು ಒಂದು ಕಡೆ, ಬೆಲ್ಲ ಒಂದು ಕಡೆ. ಎತ್ತಿಡಲು ಹೋದಾಗ ಅತ್ತೆ ತಡೆದರು. "ಈಗಷ್ಟೇ ಹಾಕ್ಯಾರವಾ, ಇನ್ನೂ ಕೂಡಿಲ್ಲ. ಮೂರು ವಾರ ಬಿಟ್ಟು ನೋಡು."

ಮಾವಿನಕಾಯಿಯದು ಬೇರೆ ಕಥೆ. ರುಚಿ ಚೆನ್ನಾಗಿತ್ತು, ಆದರೆ ಎಣ್ಣೆ ಹೋಳುಗಳಿಗಿಂತ ಕೆಳಗಿತ್ತು. ವಾರದಲ್ಲೇ ಮೇಲೆ ಬಿಳಿ ಪೊರೆ ಬಂತು, ಎಸೆಯಬೇಕಾಯಿತು. ಹೊಟ್ಟೆ ಉರಿಯಿತು. ಹೋಳು ಎಣ್ಣೆಯಲ್ಲಿ ಮುಳುಗಿದೆಯೇ ಎಂದು ಕೊಳ್ಳುವಾಗಲೇ ಬಾಟಲಿ ಎತ್ತಿ ನೋಡಬೇಕಿತ್ತು. ಬೆಳ್ಳುಳ್ಳಿಯಲ್ಲಿ ಸಾಸಿವೆ ಜಾಸ್ತಿಯಾಗಿತ್ತು, ಅಷ್ಟೇ.

ರಂಜಕ ಕೊನೆಗೆ. ಕೆಂಪಗೆ ಹಣ್ಣಾದ, ಇನ್ನೂ ಒಣಗದ ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಂತ್ಯ, ಲಿಂಬಿ ರಸ, ಉಪ್ಪು ಹಾಕಿ ರುಬ್ಬಿದ್ದು. ನಮ್ಮ ಕಡೆ ಕೆಲವರು ಕೆಂಪಿಂಡಿ ಅಂತಾರೆ. ನಾನು ತಂದದ್ದು ಬ್ಯಾಡಗಿ ಮೆಣಸಿನಕಾಯಿಯದು. ಆ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಆ ಸೀಮೆಯದೇ ಬೆಳೆ ಎನ್ನುವ ಅಧಿಕೃತ ಗುರುತು, ಬಂತು. ಅದರ ಗುಣವೇ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾಗಿ ಬ್ಯಾಡಗಿಯ ರಂಜಕ ಕಣ್ಣಿಗೆ ಬೆಂಕಿಯಂತೆ ಕಂಡರೂ ನಾಲಿಗೆಗೆ ಮೆತ್ತಗೆ ಹತ್ತಬೇಕು. ಮೊದಲು ಹುಳಿ, ಆಮೇಲೆ ಬೆಳ್ಳುಳ್ಳಿ, ಕೊನೆಗೆ ಮೆಂತ್ಯದ ಸಣ್ಣ ಕಹಿ. ತಿಂದ ಕೂಡಲೇ ಗಂಟಲು ಹಿಡಿದರೆ ಖಾರದ ಬೇರೆ ಮೆಣಸಿನಕಾಯಿ ಬೆರೆಸಿದ್ದಾರೆ ಎಂದುಕೊಳ್ಳುತ್ತೇನೆ. ಇದು ಹಾಗಿರಲಿಲ್ಲ. ಚಳಿಗಾಲದಲ್ಲಿ ರುಬ್ಬಿದ್ದು ಮೇಳದ ಹೊತ್ತಿಗೆ ಚೆನ್ನಾಗಿ ಮಾಗಿತ್ತು. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ಮೇಲೆ ಇದನ್ನು ಹಚ್ಚಿ ತಿಂದೆ. ಎರಡು ರೊಟ್ಟಿ ಹೋದದ್ದೇ ಗೊತ್ತಾಗಲಿಲ್ಲ.

ಮೂರು ವಾರದ ನಂತರ ಲಿಂಬಿ ಬಾಟಲಿ ಮತ್ತೆ ತೆಗೆದೆ. ಸಿಪ್ಪೆ ಮೆತ್ತಗಾಗಿ, ರಸ ಜೇನಿನಂತೆ ಗಟ್ಟಿಯಾಗಿತ್ತು. ಕಹಿ ಎಲ್ಲಿ ಹೋಯಿತೋ! ಈಗ ಯಾವ ಮಳಿಗೆಗೆ ಹೋದರೂ ಚಮಚ ಮುಟ್ಟುವ ಮೊದಲು ಕೇಳುತ್ತೇನೆ, "ಅಕ್ಕಾರ, ಇದನ್ನ ಯಾವಾಗ ಹಾಕೀರಿ?"